ಎದುರು ಗಾಳಿಗೆ ಹಲಗೆ ತಿರುಗಿಸಿದ್ದು

ನನಗಾಗ ಐವತ್ತೆಂಟು. ಈಗ್ಗೆ ಹನ್ನೊಂದು ವರ್ಷದ ಹಿಂದಿನ ಮಾತು. ಗಂಡ ಆ ಬೇಸಿಗೆಯಲ್ಲಿ ಎದೆನೋವು ಬಂದು ತೀರಿಹೋದ. ಮಕ್ಕಳಿಲ್ಲ. ಮನೆಯಲ್ಲಿ ನಾನು, ಒಂದು ಎಮ್ಮೆ.

ಗೊಳಸಂಗಿಯಿಂದ ಕೆಳಗೆ ಆಣೆಕಟ್ಟೆಯ ಹಿನ್ನೀರಿನ ದಂಡೆಗೆ ನಮ್ಮ ಊರು. ನಾವು ಜೋಳ ಬೆಳೆಯುವ ಜನ. ನೀರು ಅದಾಗಿಯೇ ಬಂತು, ಹೊಲ ನುಂಗಿತು, ನಮ್ಮ ಪಾಲಿಗೆ ಒಂದು ದಿಬ್ಬ ಬಿಟ್ಟಿತು. ಮಳೆಗಾಲದಿಂದ ನೀರು ಇಳಿಯುವ ತನಕ ದಿಬ್ಬದ ಸುತ್ತ ನೀರೇ.

ಅಲ್ಲಿಗೆ ಹೋಗಿ ಬರಲು ಗಂಡ ಒಂದು ಹಲಗೆ ಮಾಡಿದ್ದ. ಟಿವಿಯಲ್ಲಿ ಯಾರೋ ಹಲಗೆಯ ಮೇಲೆ ನಿಂತು, ಹಾಯಿ ಹಿಡಿದು ನೀರಿನ ಮೇಲೆ ಓಡುವುದನ್ನು ನೋಡಿ ಹುಚ್ಚು ಹಿಡಿಸಿಕೊಂಡಿದ್ದ. ಹಳೇ ಮನೆಯ ಬಾಗಿಲ ಕದ, ಅದರ ಕೆಳಗೆ ಮುದ್ದೇಬಿಹಾಳದಿಂದ ತಂದ ಥರ್ಮಾಕೋಲು, ಅಡಿಯಲ್ಲಿ ನೀರು ಸೀಳಲು ನಿಲ್ಲಿಸಿದ ಒಂದು ತುಂಡು ಹಲಗೆ. ನಡುವೆ ಬಿದಿರು. ಅದರ ಬುಡವನ್ನು ಹಗ್ಗದಿಂದ ಸಡಿಲವಾಗಿ ಕಟ್ಟಿದ್ದ, ಯಾವ ಕಡೆಗೂ ಬಾಗುತ್ತಿತ್ತು. ಗೊಬ್ಬರದ ಚೀಲ ಹೊಲಿದು ಹಾಯಿ ಮಾಡಿದವಳು ನಾನು.

ಗಾಳಿಯ ಜೊತೆ ಹೋಗುವುದನ್ನು ನನಗೆ ಕಲಿಸಿದ್ದ. ತಿರುಗಿ ಬರುವಾಗ ಹಾಯಿ ತಾನೇ ಹಿಡಿಯುತ್ತಿದ್ದ, ನಾನು ಕೂತಿರುತ್ತಿದ್ದೆ. ಅರ್ಧ ಕಲಿತವಳನ್ನು ಬಿಟ್ಟು ಹೋದ.

ಮಳೆಗಾಲ ಮುಗಿಯುತ್ತ ಬಂದಾಗ ಮೈದುನ ಮನೆಗೆ ಬಂದ.

"ವೈನಿ, ದಿಬ್ಬ ನನಗ ಪಾಲಿಗಿ ಬಿಡ್ರಿ. ಕುಂತಲ್ಲೇ ಜ್ವಾಳ ಬರ್ತಾವು."

"ನಿನ್ನ ಕೈಗೆ ಹೋದ ಹೊಲ ಯಾವಾಗ ತಿರುಗಿ ಬಂದೈತಿ?"

"ನಿಮಗ ಹೋಗಾಕ ಬರ್ತೈತಿ, ಬರಾಕ ಬರೂದಿಲ್ಲ. ಬಿತ್ತಿ ಅಲ್ಲೇ ಸಂಸಾರ ಹೂಡ್ತೀರೇನ್?"

ಅವನು ಹೇಳಿದ್ದು ಖರೆ. ಪಡುವಣ ಗಾಳಿ ಹೊತ್ತೇರಿದಾಗ ಎದ್ದರೆ ಕತ್ತಲಾಗುವ ತನಕ ಬೀಸುತ್ತದೆ. ಹೋಗುವಾಗ ಬೆನ್ನಿಗೆ, ಬರುವಾಗ ಮುಖಕ್ಕೆ. ಹುಟ್ಟು ಹಾಕಿ ಬರೋಣವೆಂದರೆ ತೋಳಿಗೆ ಆಗದು. ಸಂಜೆ ಎಮ್ಮೆ ಹಿಂಡದಿದ್ದರೆ ಊರೆಲ್ಲ ಕೇಳುವ ಹಾಗೆ ಒದರುತ್ತದೆ. ಆದರೂ ಅವನ ನಗು ನೋಡಿ ಸಿಟ್ಟು ಬಂತು.

"ಹಿಂಗಾರಿ ಬಿತ್ತಿಗಿ ಬರೂದ್ರೊಳಗ ತಿರುಗಿ ಬರಾಕ ಕಲೀತೇನಿ. ಬರಲಿಲ್ಲಂದ್ರ ನೀನ ಬಿತ್ಕೋ," ಅಂದುಬಿಟ್ಟೆ.

ಕಚ್ಚೆ ಹಾಕಿ, ಮುಳುಗದಂತೆ ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿಕೊಂಡು ದಂಡೆಯ ಹತ್ತಿರ, ಸೊಂಟಮಟ್ಟದ ನೀರಿನಲ್ಲಿ ಶುರು ಮಾಡಿದೆ. ನನ್ನ ತಲೆಯಲ್ಲಿದ್ದದ್ದು ಹೊಲ. ಎತ್ತು ಸಾಲಿನ ತುದಿ ಮುಟ್ಟಿದರೆ ತಿರುಗಿ ನೆಟ್ಟಗೆ ಬರುತ್ತವೆ. ನಾನೂ ಊರಿನ ಬೇವಿನ ಮರಕ್ಕೆ ಹಲಗೆಯ ಮೂತಿ ಇಟ್ಟು ನೆಟ್ಟಗೆ ಹೊರಟೆ. ಹಾಯಿ ಪಟಪಟ ಬಡಿದುಕೊಂಡಿತು, ಹಲಗೆ ಹಿಂದಕ್ಕೆ ಸರಿಯಿತು, ನಾನು ನೀರಿಗೆ ಬಿದ್ದೆ. ಎದ್ದು ಮತ್ತೆ ನೆಟ್ಟಗೇ ಹೊರಟೆ. ವಾರಗಟ್ಟಲೆ ಇದೇ.

ಆಲಮೇಲದ ಕಡೆಯಿಂದ ಬಂದ ಮೀನುಗಾರರು ದಂಡೆಗೆ ಗುಡಾರ ಹಾಕಿದ್ದರು. ಅವರಲ್ಲಿ ಒಬ್ಬಳು ಬಲೆ ಹೊಲಿಯುತ್ತ ನನ್ನನ್ನೇ ನೋಡುತ್ತಿದ್ದಳು. ಒಂದು ದಿನ ತಡೆಯಲಾರದೆ ಕೂಗಿದಳು:

"ಯಕ್ಕಾ, ಅದೇನ ನಿನ್ನ ಹೊಲ ಏನ, ಸಾಲು ಹಿಡಿದು ಹೊಂಟೀಯಲ್ಲ! ಓರಿ ಹೋಗು. ಅತ್ತಾಗ ಒಂದಿಷ್ಟು, ಇತ್ತಾಗ ಒಂದಿಷ್ಟು."

"ದೂರ ಆಗತೈತಿ."

"ದೂರ ಆದ್ರ ಆಗಲಿ, ಮನಿ ಮುಟ್ಟತೀಯಲ್ಲ. ಮತ್ತ ಆ ಕುಂಡಿ ಒಳಗ ತಗೋ, ಬಯಲಕಡಿಗೆ ಕುಂತಂಗ ನಿಂತೀ."

"ನೀನ ಬಂದು ನಿಂದ್ರ ಬಾ."

"ನನಗ ದೋಣಿ ಐತಿ. ನನಗ್ಯಾಕ ಈ ಹುಚ್ಚಾಟ?"

ದಿನಕ್ಕೆ ನಾಲ್ಕು ಮಾತು ಆಡುತ್ತಿದ್ದದ್ದು ಅವಳ ಹತ್ತಿರ ಮಾತ್ರ. ಒಂದು ಮುಂಜಾನೆ ಹೋಗಿ ನೋಡಿದರೆ ಗುಡಾರವಿಲ್ಲ. ಮೀನು ಕಡಿಮೆಯಾಗಿ ಬೇರೆ ಕಡೆ ಹೋಗಿದ್ದರು. ಬೈಯಲಿಕ್ಕೂ ಯಾರೂ ಇಲ್ಲದಂತಾಯಿತು.

ಉಳಿದದ್ದನ್ನು ಒಬ್ಬಳೇ ಕಲಿತೆ. ಕಾಲ ಕೆಳಗೆ ನೋಡಿದರೆ ಬೀಳುತ್ತೇನೆ, ಹೋಗುವ ಕಡೆ ನೋಡಿದರೆ ನಿಲ್ಲುತ್ತೇನೆ. ಮೊಣಕಾಲು ಸಡಿಲ ಇರಬೇಕು. ತೋಳಿನಿಂದ ಜಗ್ಗಿದರೆ ಮಧ್ಯಾಹ್ನಕ್ಕೇ ಸಾಕಾಗುತ್ತದೆ. ಕೈ ನೀಡಿ, ಸೊಂಟ ಮುಂದೆ ಮಾಡಿ, ಮೈಭಾರ ಹಾಯಿಗೆ ಜೋತು ಬಿಡಬೇಕು. ಬಿದಿರು ಹಿಂದಕ್ಕೆ ಬಾಗಿಸಿದರೆ ಹಲಗೆಯ ಮೂತಿ ಗಾಳಿಯ ಕಡೆ ಹೋಗುತ್ತದೆ, ಮುಂದಕ್ಕೆ ಬಾಗಿಸಿದರೆ ಆಚೆ. ಗಾಳಿ ಒಮ್ಮೆಲೇ ಜೋರಾದಾಗ ಮೊದಲು ಹಾಯಿಯನ್ನು ಇನ್ನೂ ಬಿಗಿ ಹಿಡಿದು ಬೀಳುತ್ತಿದ್ದೆ. ಜೋಳ ಹಸನು ಮಾಡುವಾಗ ಗಾಳಿ ಹೆಚ್ಚಾದರೆ ಮೊರ ಓರೆ ಮಾಡುತ್ತೇವೆ. ಹಾಗೆಯೇ ಹಾಯಿ ಹಿಡಿದ ಹಿಂದಿನ ಕೈ ಸಡಿಲ ಬಿಟ್ಟೆ. ಗಾಳಿ ಸೋರಿ ಹೋಯಿತು.

ತಿರುಗುವುದೇ ಕಠಿಣ. ಮೂತಿ ಗಾಳಿಗೆ ಬಂದಾಗ ಬಿದಿರಿನ ಮುಂದಿನಿಂದ ಸುತ್ತಿ ಆಚೆ ಮಗ್ಗುಲಿಗೆ ಹೋಗಬೇಕು. ಹೆದರಿ ನಿಧಾನ ಮಾಡಿದಷ್ಟೂ ಬೀಳುತ್ತಿದ್ದೆ. ಅಟ್ಟಿಸಿಕೊಂಡು ಬಂದವರಂತೆ ದಾಟಿದಾಗ ನಿಂತೆ.

ಊರಲ್ಲಿ ಬಿತ್ತುವ ಕೂರಿಗೆಗಳು ಹೊರಗೆ ಬಂದವು. ಇನ್ನು ತಡ ಮಾಡುವಂತಿರಲಿಲ್ಲ. ಒಂದು ದಿನ ಮೈದುನನ ಕಣ್ಣೆದುರೇ ದಿಬ್ಬಕ್ಕೆ ಹೋದೆ. ಮಧ್ಯಾಹ್ನ ಗಾಳಿ ಜೋರಿದ್ದಾಗಲೇ ಹಾಯಿ ಎತ್ತಿದೆ. ಬಡಗು ದಂಡೆಗೆ ಓರೆ ಹೋದೆ, ತಿರುಗಿದೆ, ತೆಂಕು ದಂಡೆಗೆ ಓರೆ ಬಂದೆ. ನಡುನೀರಿನಲ್ಲಿ ಒಮ್ಮೆ ಬಿದ್ದೆ. ಕಾಲಿಗೆ ನೆಲ ಸಿಗಲಿಲ್ಲ. ಕೂಗಿದರೆ ಕೇಳುವವರಿಲ್ಲ, ಕೂಗಲಿಲ್ಲ. ಹಲಗೆ ಹತ್ತಿ, ಹಾಯಿ ಎಳೆದು ನಿಲ್ಲಿಸಿ ಮತ್ತೆ ಹೊರಟೆ. ಹೊತ್ತು ಇಳಿಯುವ ಮುಂಚೆ ದಂಡೆ ಮುಟ್ಟಿದೆ. ಅಲ್ಲಿ ಒಂದು ನಾಯಿಯೂ ಇರಲಿಲ್ಲ.

ಒದ್ದೆ ಸೀರೆಯಲ್ಲೇ ಮೈದುನನ ಮನೆಗೆ ಹೋದೆ.

"ಬಂದೇನಿ."

"ಗಾಳಿ ಇದ್ದಾಗ ಬಂದ್ರಿ? ಯಾರ ನೋಡ್ಯಾರ?"

"ಯಾರೂ ನೋಡಿಲ್ಲ. ಈಗೂ ಗಾಳಿ ಐತಿ, ನಾ ನಿನ್ನ ಬಾಗಲದಾಗ ನಿಂತೇನಿ. ಹಾರಿ ಬಂದ್ನೇನು?"

ಅವನು ಬೇವಿನ ಮರದ ತುದಿ ಅಲ್ಲಾಡುವುದನ್ನು ನೋಡಿದ. ಆಮೇಲೆ, "ಚಾ ಕುಡೀರಿ ವೈನಿ," ಅಂದ.

"ಎಮ್ಮಿ ಹಿಂಡಬೇಕು."

ಹಿಂಡಿದೆ. ಬಂದೆನೆಂದು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ, ಎಮ್ಮೆಗೆ ಹೇಳುವಷ್ಟು ಮರುಳು ನನಗಿಲ್ಲ. ರೊಟ್ಟಿ ಬಡಿದೆ, ಉಂಡೆ, ಮಲಗಿದೆ.

ಮರುದಿನ ಮುಂಜಾನೆ ಬಿಳಿಜೋಳದ ಬೀಜವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಹಲಗೆಗೆ ಕಟ್ಟಿದೆ. ನೋವಿಗೆ ತೋಳು ಹೆಗಲಿನ ಮೇಲೆ ಏಳುತ್ತಿರಲಿಲ್ಲ. ಗಾಳಿ ಇನ್ನೂ ಎದ್ದಿರಲಿಲ್ಲ. ಕೂತು ಹುಟ್ಟು ಹಾಕುತ್ತ ದಿಬ್ಬಕ್ಕೆ ಹೋದೆ.