ಪ್ರಚಾರದ ಕೊನೆಯ ದಿನ ಬಲಸಮುದ್ರಕ್ಕೆ

ಹೊಳವನಹಳ್ಳಿಯಲ್ಲಿ ಬೆಳಗಿನ ಬಸ್ಸು ಹತ್ತಿದಾಗ ನನ್ನ ಕೈಯಲ್ಲಿದ್ದದ್ದು ಒಂದು ಬಾಟಲಿ ನೀರು ಮತ್ತು ತಮ್ಮನ ಹೆಂಡತಿ ಗೌರಮ್ಮ ಕಟ್ಟಿಕೊಟ್ಟ ಚಿತ್ರಾನ್ನ. ‘ಭಾವ, ನಮ್ ನಾದಿನೀನ ಕರ್ಕಂಡೇ ಬರ್ಬೇಕು. ಮಗೀಗೆ ಐದು ತಿಂಗ್ಳಾಯ್ತು, ಇನ್ನೂ ಪಾಪು ಪಾಪು ಅಂತಲೇ ಕೂಗ್ತಾ ಇದೀವಿ’ ಎಂದು ಬಾಗಿಲಲ್ಲೇ ಕಣ್ಣೊರೆಸಿಕೊಂಡಿದ್ದಳು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ನಮಗಿರುವವಳು ಒಬ್ಬಳೇ ತಂಗಿ, ಪಾವಗಡ ತಾಲ್ಲೂಕಿನ ಬಲಸಮುದ್ರಕ್ಕೆ ಕೊಟ್ಟಿರುವ ಜಯಮ್ಮ. ಅವಳಿಗೂ ನನ್ನ ತಮ್ಮ ರಂಗಣ್ಣನಿಗೂ ಹೋದ ಲೋಕಸಭಾ ಚುನಾವಣೆಯಿಂದ ಮಾತಿಲ್ಲ.

ಆಗಿದ್ದು ಇಷ್ಟೇ. ಹಬ್ಬದ ಊಟಕ್ಕೆ ಕೂತಾಗ ರಂಗಣ್ಣ ತನ್ನ ಅಭ್ಯರ್ಥಿಯನ್ನು ಹೊಗಳಿದ, ಜಯಮ್ಮ ಗಂಡನ ಪಕ್ಷದವರನ್ನು ವಹಿಸಿಕೊಂಡಳು. ಮಾತಿಗೆ ಮಾತು ಬೆಳೆದು ಅವಳು ಅರ್ಧ ಊಟದಲ್ಲೇ ಎದ್ದು ಹೊರಟುಹೋದಳು.

ಕೊರಟಗೆರೆಯಲ್ಲಿ ಬಸ್ಸು ಬದಲಾಯಿಸಿದೆ. ಬಿಸಿಲು ಆಗಲೇ ಏರಿತ್ತು. ಕಿಟಕಿಗೆ ತಲೆಯಾನಿಸಿ ಅರೆನಿದ್ದೆಗೆ ಜಾರಿದರೆ ಎಲ್ಲೆಲ್ಲಿಂದಲೋ ಮೈಕಿನ ದನಿಗಳು ಗಾಳಿಯಲ್ಲಿ ತೇಲಿ ಬರುತ್ತಿದ್ದವು. ಒಬ್ಬರ ಹೆಸರು ಹುಣಸೆ ತೋಪಿನ ಆಚೆಯಿಂದ, ಇನ್ನೊಬ್ಬರದು ಬಂಡೆಗಳ ಹಿಂದಿನಿಂದ. ಊರೆಲ್ಲ ಹೆಸರುಗಳೇ ತುಂಬಿರುವಾಗ ನಮ್ಮ ಕೂಸಿಗೊಂದು ಇಲ್ಲವಲ್ಲ ಎಂದು ಸಂಕಟವಾಯಿತು.

ಮಧುಗಿರಿಯ ಸರ್ಕಲ್ಲಿನಲ್ಲಿ ಬಸ್ಸು ನಿಂತೇಬಿಟ್ಟಿತು. ಪ್ರತಿಸ್ಪರ್ಧಿಗಳಿಬ್ಬರ ಮೆರವಣಿಗೆಗಳು ಎದುರುಬದುರಾಗಿದ್ದವು. ಕಾರ್ಯಕರ್ತರು ಗಂಟಲು ಹರಿದುಕೊಳ್ಳುತ್ತಿದ್ದರು. ಹಿಂದೆ ಬೆಟ್ಟ ಬಿಸಿಲ ಝಳದಲ್ಲಿ ಅಲುಗಾಡಿದಂತೆ ಕಾಣುತ್ತಿತ್ತು. ತೆರೆದ ಜೀಪುಗಳೆರಡೂ ನನ್ನ ಕಿಟಕಿಯ ಕೆಳಗೇ ಅಂಟಿಕೊಂಡು ನಿಂತವು. ಒಬ್ಬ ಅಭ್ಯರ್ಥಿ ಇನ್ನೊಬ್ಬರಿಗೆ, ‘ಗಂಟ್ಲು ಪೂರ್ತಿ ಕಟ್ಟೈತಲ್ಲಣ್ಣ, ಬಿಸಿನೀರು ಕುಡೀರಿ’ ಎಂದರು. ಅವರು, ‘ನಾಳೆಯಿಂದ ರೆಸ್ಟು ಬುಡಪ್ಪ’ ಎಂದು ನಕ್ಕರು. ಜೀಪುಗಳು ಸರಿದ ಮೇಲೆ ನಾನು ಕಂಡದ್ದು ಕನಸೋ ನಿಜವೋ ಎಂದು ಅನುಮಾನವಾಯಿತು.

ಬಸ್ ನಿಲ್ದಾಣದಲ್ಲಿ ಟೀ ಕುಡಿಯುತ್ತಿದ್ದ ಸಿರಾದ ಮೈಕ್ ಆಟೊದವನಿಗೆ ಇದನ್ನು ಹೇಳಿದೆ. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ‘ನಾನೂ ಅಂಗೇ ಭಾಯ್. ಇಲ್ಲಿ ತುಮಕೂರು ಸೀಟಿಗೆ ಕೂಗ್ತೀನಿ, ನನ್ನ ಓಟು ಚಿತ್ರದುರ್ಗಕ್ಕೆ. ನಮ್ ಸಿರಾ, ಪಾವಗಡ ಎಲ್ಲಾ ಜಿಲ್ಲೆ ತುಮಕೂರಾದ್ರೂ ಎಂಪಿ ಓಟು ಆ ಕಡೆಗೇ.’

ಟೀ ಲೋಟ ಕೈಯಲ್ಲೇ ಉಳಿಯಿತು. ರಂಗಣ್ಣನ ಅಭ್ಯರ್ಥಿ ನಿಂತದ್ದು ತುಮಕೂರಿಗೆ, ಜಯಮ್ಮ ವಹಿಸಿಕೊಂಡವರು ನಿಂತದ್ದು ಚಿತ್ರದುರ್ಗಕ್ಕೆ. ಅವರು ಒಬ್ಬರಿಗೊಬ್ಬರು ಎದುರಾಳಿಗಳೇ ಆಗಿರಲಿಲ್ಲ! ಸಾಲದ್ದಕ್ಕೆ ಈ ಸಲ ಆ ಎರಡೂ ಪಕ್ಷಗಳು ಮೈತ್ರಿ ಮಾಡಿಕೊಂಡು ಒಂದೇ ಕೋಲಿಗೆ ಎರಡು ಬಾವುಟ ಕಟ್ಟಿಕೊಂಡಿವೆ. ನಮ್ಮ ಮನೆಯವರು ಮಾತ್ರ ಇನ್ನೂ ಹೋದ ಚುನಾವಣೆಯಲ್ಲೇ ಇದ್ದಾರೆ.

ಅಲ್ಲಿಂದ ಪಾವಗಡ ಅರವತ್ತು ಕಿಲೋಮೀಟರಿನಷ್ಟು. ಪಕ್ಕದಲ್ಲಿ ಕೂತ ಅಜ್ಜಿ, ‘ತಿನಪ್ಪಾ, ಪರ್ವಾಲೇದು’ ಎಂದು ತೆಲುಗಿನಲ್ಲೇ ಉಪಚರಿಸಿ ಹುರಿದ ಕಡಲೆಕಾಯಿ ಕೊಟ್ಟಳು, ನಾನು ಚಿತ್ರಾನ್ನ ಕೊಟ್ಟೆ. ಪಾವಗಡದಿಂದ ಇನ್ನೊಂದು ಬಸ್ಸು. ಬಲಸಮುದ್ರ ಹತ್ತಿರವಾದಂತೆ ದೂರದಲ್ಲಿ ನೀರು ಹೊಳೆಯಿತು. ಕೆರೆ ತುಂಬಿದೆಯಲ್ಲ ಎಂದುಕೊಂಡೆ. ನೋಡಿದರೆ ಸೋಲಾರ್ ಪ್ಲೇಟುಗಳು, ಕಣ್ಣು ಹಾಯುವವರೆಗೂ.

ಜಯಮ್ಮ ಮುದ್ದೆ, ಹುರುಳಿ ಸಾರು ಬಡಿಸಿದಳು. ಅಭ್ಯರ್ಥಿಗಳ ಕಥೆ, ಮೈತ್ರಿಯ ಕಥೆ ಎಲ್ಲ ಹೇಳಿದೆ. ಅವಳು ನಗಲಿಲ್ಲ.

‘ದೊಡ್ಡಣ್ಣ, ಓಟಿನ ವಿಚಾರಕ್ಕೆ ನಾನು ಎದ್ದಿದ್ದು ನಿಜ. ಬಸ್ ಬರೋವರ್ಗೂ ಸ್ಟಾಪಲ್ಲೇ ಕಾದೆ. ಒಂದ್ ಕಿತ ಬಂದು “ಬಾರವ್ವ” ಅಂದಿದ್ರೆ ಸಾಕಾಗಿತ್ತು. ಚಿಕ್ಕಣ್ಣ ಬರ್ಲಿಲ್ಲ. ಈಗ್ಲೂ ನಿನ್ನ ಕಳ್ಸವ್ನೆ.’

ಎದ್ದು ಕೈ ತೊಳೆದೆ. ಹೊರಗೆ ಬಂದು ರಂಗಣ್ಣನಿಗೆ ಫೋನು ಮಾಡಿ ಅವಳ ಮಾತನ್ನು ಹಾಗೆಯೇ ಒಪ್ಪಿಸಿದೆ. ಅವನ ಹಿಂದೆ ಮೈಕು ಒದರುತ್ತಿತ್ತು. ನನ್ನ ಮಾತು ಮುಗಿಯುತ್ತಿದ್ದಂತೆ ಫೋನಿಟ್ಟ. ಕೆಲಸ ಕೆಟ್ಟಿತು ಎಂದುಕೊಂಡು ಜಗಲಿಯಲ್ಲಿ ಮಲಗಿದೆ.

ಎಚ್ಚರವಾದಾಗ ಬೀದಿಯಲ್ಲಿ ಗದ್ದಲ. ಸಂಜೆ ಆರಕ್ಕೆ ಮೈಕುಗಳೆಲ್ಲ ಬಂದ್ ಆಗಬೇಕು, ಅದಕ್ಕೆ ಸ್ವಲ್ಪವೇ ಹೊತ್ತಿತ್ತು. ಎರಡು ಬಾವುಟ ಕಟ್ಟಿದ ಜೀಪೊಂದು ಧೂಳೆಬ್ಬಿಸಿಕೊಂಡು ಬಂತು. ಕ್ಯಾಂಡಿಡೇಟು ಬಂದರೆಂದು ಹೆಂಗಸರು ಆರತಿ ತಟ್ಟೆ ಹಿಡಿದು ಓಡಿಬಂದರು. ಜೀಪಿನಿಂದ ಇಳಿದವನು ನಮ್ಮ ರಂಗಣ್ಣ. ಹೆಗಲ ಮೇಲೆ ಕೂಸು, ಹಿಂದೆ ಗೌರಮ್ಮ.

‘ಲೇ, ಇವ್ರು ಯಾರೇ?’ ಎಂದಳೊಬ್ಬಳು. ಹಚ್ಚಿದ ಆರತಿ ಹಿಡಿದು ಸುಮ್ಮನೆ ವಾಪಸು ಹೋಗುವುದುಂಟೇ? ಕೂಸಿಗೇ ಬೆಳಗಿದರು. ಅದು ದೀಪವನ್ನೇ ಪಿಳಿಪಿಳಿ ನೋಡಿತು.

ರಂಗಣ್ಣ ಹೊಸಲಿನ ಆಚೆಯೇ ನಿಂತ. ‘ಜಯಾ, ನಿನ್ನ ಕರೆಯಾಕೆ ಬಂದೆ ಕಣವ್ವ. ಅವತ್ತೇ ಬರ್ಬೇಕಿತ್ತು.’

‘ಕೂಸ್ನೇ ಕರ್ಕಂಡು ಬಂದ್ಬುಟ್ಟಿದೀಯಾ, ಇನ್ನೆಲ್ಲಿಗೆ ಕರೀತೀಯಾ?’ ಎಂದಳು ಜಯಮ್ಮ. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ನನ್ನ ಕಣ್ಣೂ ಮಂಜಾಗಿತ್ತು.

ತೊಲೆಗೆ ಸೀರೆ ಕಟ್ಟಿ ತೊಟ್ಟಿಲು ಮಾಡಿದರು. ಆರು ಗಂಟೆಯಾಯಿತು. ಊರಾಚೆ ಕೂಗುತ್ತಿದ್ದ ಮೈಕು ಅರ್ಧ ಹೆಸರಿನಲ್ಲೇ ನಿಂತುಹೋಯಿತು. ದಿನವಿಡೀ ಕೇಳಿ ಕೇಳಿ ದಣಿದ ಕಿವಿಗೆ ಆ ನಿಶ್ಶಬ್ದ ತಣ್ಣಗೆ ತಾಕಿತು. ಜಯಮ್ಮ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಏನೋ ಹೇಳಿದಳು. ಪಕ್ಕದಲ್ಲಿದ್ದ ನನಗೂ ಕೇಳಿಸಲಿಲ್ಲ.

‘ಏನಂತ ಇಕ್ಕಿದೆ?’ ಎಂದ ರಂಗಣ್ಣ, ದೂರದಿಂದಲೇ.

‘ಹತ್ರ ಬಾ, ಹೇಳ್ತೀನಿ.’

ಅವನು ಹೊಸಲು ದಾಟಿ ಒಳಗೆ ಬಂದು, ತಂಗಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಿವಿ ಕೊಟ್ಟ.