ಕೈಚೀಲದಲ್ಲಿ ಒಂದು ಪೆಡಲ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಬೂಟು ಕೊಳ್ಳಲೆಂದು ಸೈಕಲ್ಲಿನ ಪೆಡಲ್ ಬಿಚ್ಚಿ, ಕೈಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಊರೂರು ತಿರುಗಿದ ಮಹಾಶಯ ನಾನೇ. ನಿನ್ನೆ ಸಂಜೆ ಬಾಗಿಲ ಬಳಿ ಅವ್ವನ ಕ್ಯಾನ್ವಾಸ್ ಬೂಟುಗಳು ಬೋರಲು ಬಿದ್ದಿದ್ದವು. ತಳದ ರಬ್ಬರಿನ ಮೇಲೆ ಪೆಡಲಿನ ಹಲ್ಲಿನ ಗುರುತು ಸಾಲುಸಾಲಾಗಿ ಮೂಡಿತ್ತು. ನೋಡಿದ್ದೇ ತಡ, ಎಲ್ಲ ನೆನಪಾಯಿತು. ನೀವೂ ಬಿಡುವಾಗಿದ್ದೀರಿ, ನಾನಂತೂ ಸದಾ ಬಿಡುವು. ಕೇಳಿ.

ನಮ್ಮದು ಹಾನಗಲ್. ಅವ್ವನ ತಂಗಿ, ಅಂದರೆ ನನ್ನ ಚಿಗವ್ವ, ಇರುವುದು ಆಡೂರಿನಲ್ಲಿ. ತಂಗಿಯನ್ನು ನೋಡಬೇಕೆನ್ನಿಸಿದಾಗಲೆಲ್ಲ ಅವ್ವ ನನ್ನ ಮೋಟರ್‌ಸೈಕಲ್ಲಿನ ಮುಂದೆ ಅರ್ಜಿ ಹಿಡಿದು ನಿಲ್ಲಬೇಕಿತ್ತು. ನಾನು "ಸಂಜಿಗೆ ಹೋಗೂಣಂತ" ಎನ್ನುತ್ತಿದ್ದೆ. ನನ್ನ ಸಂಜೆಗಳು ಬಹಳ ಉದಾರ, ಒಂದೊಂದು ಎರಡೆರಡು ವಾರ ಬಾಳುತ್ತಿತ್ತು. ಕೊನೆಗೊಂದು ದಿನ ಅವ್ವ, ಅಕ್ಕ ಮದುವೆಯಾಗಿ ಹಿರೇಕೆರೂರಿಗೆ ಹೋಗುವಾಗ ಬಿಟ್ಟುಹೋಗಿದ್ದ ಸೈಕಲ್ಲನ್ನು ಒರೆಸಿ ಅಂಗಳಕ್ಕೆ ತಂದಳು.

"ಇನ್ನ ಯಾರ ಹಿಂದಾನೂ ಕುಂಡ್ರಾಂಗಿಲ್ಲ. ನನ್ನ ತಂಗಿ ಮನಿಗೆ ನಾನ ಹೋಗ್ತೇನಿ."

ಹುಡುಗಿಯಾಗಿದ್ದಾಗ ಕಲಿತ ಸೈಕಲ್ಲನ್ನು ಕಾಲು ಮರೆತಿರಲಿಲ್ಲ. ತಕರಾರು ತೆಗೆದದ್ದು ಚಪ್ಪಲಿ. ಸವೆದ ಚಪ್ಪಲಿ ಪೆಡಲಿನಿಂದ ಜಾರುವುದು, ಪೆಡಲ್ ಗಿರ್ರನೆ ತಿರುಗಿ ಬಂದು ಕಣಕಾಲಿಗೆ ಬಡಿಯುವುದು. ಅಲ್ಲಿ ನಾನು ತಜ್ಞನಾಗಿ ಪ್ರವೇಶಿಸಿದೆ. ಮೊಬೈಲಿನಲ್ಲಿ ಬೂಟಿನ ಬಗ್ಗೆ ಪ್ರವಚನ ಮಾಡುವವರನ್ನೆಲ್ಲ ನೋಡಿ, ಅವರ ದನಿಯಲ್ಲೇ ಅವ್ವನಿಗೆ ಉಪದೇಶಿಸಿದೆ. ಆಮೇಲೆ ಪಾನಾ ಹಿಡಿದು ಪೆಡಲ್ ಬಿಚ್ಚಿದೆ. ಬೂಟನ್ನು ಹೊಂದಿಸಿ ನೋಡಬೇಡವೇ? ಅವ್ವನನ್ನೂ ಕರೆದುಕೊಂಡು ಬಸ್ಸು ಹತ್ತಿದೆ.

ಶಿಗ್ಗಾವಿಯ ಅಂಗಡಿಯ ಹುಡುಗ ಒಂದೊಂದೇ ಡಬ್ಬಿ ತೆರೆದ. "ಇದು ಓಡಾಕ್ರಿ, ಇದು ನಡ್ಯಾಕ್ರಿ, ಇದು ಜಿಮ್ಮಿಗ್ರಿ."

"ಸೈಕಲ್ಲಿಗೆ?"

"ಸೈಕಲ್ಲಿಗೆ ಗಾಳಿ ಹೊಡಸ್ರಿ, ಸಾಕು."

ಅಲ್ಲಿಂದ ಸವಣೂರು. ಅಲ್ಲಿ ಚಾಚಾ ಒಬ್ಬರ ಅಂಗಡಿ. ನಾನು ಪೆಡಲನ್ನು ನೆಲಕ್ಕಿಟ್ಟು, ಬೂಟು ಬದಲಿಸಿ ಬದಲಿಸಿ ಅದರ ಮೇಲೆ ಒಂಟಿ ಕಾಲಲ್ಲಿ ನಿಂತು ತೂಗಾಡಿದೆ. ಚಾಚಾ ಕನ್ನಡಕ ಏರಿಸಿ ನೋಡಿದರು. "ಕುಬಸದ ಬಟ್ಟಿ ಮ್ಯಾಚ್ ಮಾಡಾಕ ಸೀರಿ ತಂದೋರನ್ನ ನೋಡೇನಿ. ಬೂಟಿಗೆ ಪೆಡಲ್ ತಂದಾಂವ ನೀನ ಮೊದ್ಲು, ಬೇಟಾ."

ನಾನು ಆರಿಸಿದ್ದು ತಳದಲ್ಲಿ ನಾಲ್ಕು ಬೆರಳು ದಪ್ಪದ ಸ್ಪಂಜು, ಮೇಲೆ ಗಿಳಿಹಸಿರು ಬಣ್ಣ, ಮಾರುದ್ದದ ಲೇಸು ಇದ್ದ ಬೂಟು. ಅವ್ವ ಸಂತೆಯಲ್ಲಿ ಬದನೇಕಾಯಿ ಒತ್ತುವಂತೆ ಅದರ ತಳವನ್ನು ಹೆಬ್ಬೆರಳಿನಿಂದ ಒತ್ತಿದಳು. "ಇದನ್ನ ಕಾಲಿಗೆ ಹಾಕ್ಕೊಳ್ಳೂದೋ, ತಲಿಕೆಳಗ ಇಟ್ಕೊಳ್ಳೂದೋ?" ಅವಳು ಹಿಡಿದದ್ದು ಚಪ್ಪಟೆ ತಳದ, ಲೇಸಿಲ್ಲದ ಕ್ಯಾನ್ವಾಸ್ ಜೋಡು. ಬೆರಳಿಗೆ ಬಗ್ಗದಷ್ಟು ಬಿರುಸು. ಲೇಸು ಯಾಕೆ ಬೇಡ ಎಂದು ಕೇಳಿದೆ. "ಹ್ವಾದ ಹ್ವಾದ ಮನ್ಯಾಗ ಹೊಸ್ತಿಲಕ್ಕ ಕುಂತು ಗಂಟು ಬಿಚ್ಚಿಕೋತ ಇರ್ಲೇನು? ಅಷ್ಟೊತ್ತಿಗೆ ಚಾ ಆರಿರ್ತೈತಿ."

ಅವ್ವನಿಗೆ ಅದನ್ನೂ ನನಗೆ ಗಿಳಿಹಸಿರನ್ನೂ ಕೊಂಡು, ಮನೆಗೆ ಬಂದು ಪೆಡಲ್ ಮತ್ತೆ ಜೋಡಿಸಿದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಆ ವಾರ ಅಕ್ಕ ಊರಿಂದ ಬಂದಿದ್ದಳು. ಸೀರೆಯ ಕೆಳಗೆ ಬೂಟು ಹಾಕಿಕೊಂಡ ಅವ್ವ ಹೇಗೆ ನಡೆಯುತ್ತಾಳೆ ಎಂದು ಪಡಸಾಲೆಯಲ್ಲಿ ನಡೆದು ತೋರಿಸಿದೆ. ಸೊಂಟಕ್ಕೆ ಟವೆಲು, ಕೆಸರುಗದ್ದೆಯಲ್ಲಿ ಕಾಲೆತ್ತಿ ಇಡುವ ಕೊಕ್ಕರೆಯ ನಡಿಗೆ. ಅಕ್ಕ ಬಿಕ್ಕಳಿಕೆ ಬರುವ ತನಕ ನಕ್ಕಳು. ಅವ್ವನೂ ಸ್ವಲ್ಪ ನಕ್ಕಳು. ಮರುದಿನ ಅವ್ವನ ಬೂಟುಗಳು ಜೋಳದ ಡ್ರಮ್ಮಿನ ಹಿಂದೆ ಸೇರಿದ್ದವು. ಸೈಕಲ್ಲಿನ ಮೇಲೆ ಒದ್ದೆ ಟವೆಲುಗಳು ಒಣಗತೊಡಗಿದವು.

"ಆಡೂರಿಗೆ ಬಿಡ್ತೀಯೇನಪಾ?" ಅವ್ವ ಮತ್ತೆ ಕೇಳಿದಳು.

"ಸಂಜಿಗೆ," ಎಂದೆ. ಬಾಯಿಗೆ ರೂಢಿ ನೋಡಿ.

ಆ ಭಾನುವಾರ ಚಿಗವ್ವ ಫೋನು ಮಾಡಿ ಶೇಂಗಾ ಹೋಳಿಗೆ ಮಾಡಿದ್ದೇನೆ ಎಂದಳು. ಅವ್ವ ನನ್ನತ್ತ ನೋಡಲೂ ಇಲ್ಲ. ನೆಟ್ಟಗೆ ಹೋಗಿ ಡ್ರಮ್ಮು ಸರಿಸಿದಳು. ಆ ಡ್ರಮ್ಮು ನೆಲದ ಮೇಲೆ ಕರ್ರೆಂದ ಸದ್ದಿದೆಯಲ್ಲ, ಎಲ್ಲರ ದನಿಯನ್ನೂ ಅಣಕಿಸುವ ನನಗೆ ಅದನ್ನೊಂದು ಮಾತ್ರ ಅಣಕಿಸಲು ಈವರೆಗೂ ಮನಸ್ಸು ಬಂದಿಲ್ಲ.

"ಒಬ್ಬಾಕಿನ ಹೋಗಬ್ಯಾಡ, ನಾ ಕಾಯಾಕ ಬರ್ತೇನಿ," ಎಂದು ನಾನೂ ಶಾಲೆಗೆ ಹೋಗುವಾಗಿನ ನನ್ನ ಹಳೇ ಸೈಕಲ್ ಹತ್ತಿದೆ, ಗಿಳಿಹಸಿರು ಬೂಟಿನಲ್ಲಿ. "ಅವ್ವಾ, ಏನ ಆದ್ರೂ ಹಿಂದ ತಿರುಗಿ ನೋಡಬ್ಯಾಡ, ಬ್ಯಾಲೆನ್ಸ್ ಹೋಗ್ತೈತಿ" ಎಂಬ ತಜ್ಞಸಲಹೆಯನ್ನೂ ಕೊಟ್ಟೆ.

ಊರು ದಾಟಿರಲಿಲ್ಲ. ಆ ಸ್ಪಂಜಿನ ಮೇಲೆ ಪೆಡಲ್ ಎಲ್ಲಿದೆ ಎಂದೇ ಪಾದಕ್ಕೆ ತಿಳಿಯುತ್ತಿರಲಿಲ್ಲ, ಗಾದಿ ತುಳಿದ ಹಾಗೆ. ಅಷ್ಟರಲ್ಲಿ ಮಾರುದ್ದದ ಲೇಸು ಬಿಚ್ಚಿಕೊಂಡು, ಪೆಡಲಿಗೆ ಸುತ್ತಿ ಸುತ್ತಿ ಕಾಲನ್ನು ಕಟ್ಟಿಹಾಕಿತು. ಬ್ರೇಕ್ ಹಿಡಿದೆ. ಸೈಕಲ್ ನಿಂತಿತು, ಊರಲು ಕಾಲಿರಲಿಲ್ಲ. ಸಾವಕಾಶವಾಗಿ, ಬಹಳ ಮರ್ಯಾದೆಯಿಂದ, ರಸ್ತೆ ಬದಿಯ ಗಟಾರಕ್ಕೆ ವಾಲಿದೆ. "ಅವ್ವಾ!" ಎಂದು ಕೂಗಿದೆ. ಅವ್ವ ಹಿಂದೆ ತಿರುಗಿ ನೋಡಲಿಲ್ಲ. ನನ್ನ ಮಾತನ್ನು ಅವಳು ಅಕ್ಷರಶಃ ಪಾಲಿಸಿದ್ದು ಅದೊಂದೇ ಸಲ.

ಸೈಕಲ್ ತಳ್ಳಿಕೊಂಡು ಆಡೂರು ಮುಟ್ಟಿದಾಗ ಚಿಗವ್ವನ ಹೊಸ್ತಿಲ ಹೊರಗೆ ಕ್ಯಾನ್ವಾಸ್ ಜೋಡು ಅಚ್ಚುಕಟ್ಟಾಗಿ ಕೂತಿತ್ತು. ಒಳಗೆ ಅಕ್ಕತಂಗಿಯರ ನಗು. ನಾನು ಹೊಸ್ತಿಲಕ್ಕೆ ಕೂತು ಗಂಟು ಬಿಚ್ಚಿದೆ. ಚಾ ಆರಿತ್ತು.

ಈಗ ನನ್ನ ಬೂಟಿಗೂ ಲೇಸಿಲ್ಲ. ಸವಣೂರಿಗೆ ಹೋಗಿ ಸದ್ದಿಲ್ಲದೆ ಅವ್ವನಂಥದೇ ಜೋಡು ತಂದೆ, ಪೆಡಲ್ ಒಯ್ಯಲಿಲ್ಲ. ಅವ್ವ ಮಾತ್ರ ಭಾನುವಾರ ನಾನು ಏಳುವ ಮೊದಲೇ ಹೊರಟುಬಿಡುತ್ತಾಳೆ. ಇವತ್ತು ಅಕ್ಕ ಮತ್ತೆ ಬಂದಿದ್ದಾಳೆ. ಚಾ ಕುಡಿಯುತ್ತ ಕೆಣಕಿದಳು: "ಏ ತಮ್ಮಾ, ಅವ್ವ ಸೈಕಲ್ ಹೆಂಗ ಹೊಡೀತಾಳ, ಮಾಡಿ ತೋರ್ಸೋ!" ಕಲಾವಿದ ಕೂತಿರಲಾದೀತೇ? ಟವೆಲು ಸುತ್ತಿಕೊಂಡು ಸ್ಟೂಲೇರಿ ಕಾಲೆತ್ತಿದೆ. ಆಡೂರಿನಿಂದ ಆಗಲೇ ಬಂದು, ಹೊಸ್ತಿಲಲ್ಲಿ ಕೂತು ಬೂಟಿನ ತಳದ ಮಣ್ಣು ಕೆದರುತ್ತಿದ್ದ ಅವ್ವ ತಲೆ ಎತ್ತದೆಯೇ ಅಂದಳು:

"ನಾ ಸೈಕಲ್ ಹೊಡ್ಯೂದನ್ನ ನೀ ಎಲ್ಲಿ ನೋಡೀಪಾ? ನೀ ಗಟಾರದಾಗ ಇದ್ದಿ. ಅದನ್ನ ಮಾಡಿ ತೋರ್ಸು."