ಶುಭಮುಹೂರ್ತದ ಖಾಲಿ ಫೈಲು

"ಆರಂಭ ಸಿಕ್ಕರೆ ಉಳಿದದ್ದು ತಾನೇ ಬರುತ್ತದೆ" ಎಂದೇನೋ ಒಂದು ಸಾಲಿದೆಯಲ್ಲ ಗೆಳೆಯರೇ, ಅದನ್ನು ಬರೆದವರು ಕಂಪ್ಯೂಟರಿನ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದಿರಲಾರರು.

ಕ್ಯಾತನಹಳ್ಳಿಯ ಕಬ್ಬಿನ ಗದ್ದೆಗಳ ತೇವಾಂಶದ ಲೆಕ್ಕವನ್ನು ಇಂದು ಸಂಜೆ ರೈತರಿಗೆ ತೋರಿಸಬೇಕಿತ್ತು. ಆ ಲೆಕ್ಕದ ಫೈಲಿನಲ್ಲಿ ಮಾಹಿತಿ ಎಲ್ಲಿಂದ ಶುರುವಾಗುತ್ತದೆಂದು ಹುಡುಕಿ ಹೇಳುವ ಸಿದ್ಧ ಪ್ರೋಗ್ರಾಂ ತುಣುಕನ್ನು, ಅಂದರೆ ಲೈಬ್ರರಿ ಫಂಕ್ಷನ್ನನ್ನು, ಬೆಳಗಿನಿಂದ ಕೇಳುತ್ತಲೇ ಇದ್ದೆ. ಅಂಥ ಜಾಗವೇ ಇಲ್ಲ ಎಂದೇ ಅದರ ಉತ್ತರ. ಅದನ್ನು ಬೈದು ಮುಗಿಸಿ, ಫೈಲು ಕಳಿಸಿದ ಸಹೋದ್ಯೋಗಿ ಶಿವಣ್ಣನಿಗೆ ಫೋನ್ ಮಾಡಿದೆ.

"ರಾಹುಕಾಲ ಬಂದ್ಬುಡ್ತದೆ ಅಂತ ಬೇಗ ಫೈಲ್ ಮಾಡ್ಬುಟ್ಟೆ ಮೇಡಂ. ಒಳಗೆ ಇನ್ನೂ ಏನೂ ತುಂಬಿಲ್ಲ. ತುಂಬ್ಸಕ್ಕೆ ನಾಳೆ ಒಳ್ಳೇ ದಿನ."

ಪಂಚಾಂಗ ಗೊತ್ತಿಲ್ಲದ ಫಂಕ್ಷನ್ ಪಾಪ, ನಿಜ ಹೇಳಿತ್ತು. ರೈತರಿಗೆ "ನಾಳೆ ಬನ್ನಿ" ಎನ್ನುವಷ್ಟರಲ್ಲಿ ನನ್ನ ಮನೆ ಬಾಗಿಲ ಬಳಿ ಪಕ್ಕದ ಮನೆಯ ಜಯಮ್ಮ. ಅವರ ಹೊಸ ಮನೆಯ ಗೃಹಪ್ರವೇಶ ಇವತ್ತೇ.

"ಅಕ್ಕಾ, ಉಕ್ಸಕ್ಕೆ ಒಂದ್ ಲೋಟ ಹಾಲು ಕೊಡಿ. ಮುಹೂರ್ತ ಮೀರೋಯ್ತದೆ ಅಂತ ನಮ್ಮವ್ರು ಬರೀ ಪಾತ್ರೇನೇ ಒಲೆ ಮೇಲಿಟ್ಬುಟ್ಟವ್ರೆ!"